ಇಂಗ್ಲೆಂಡಿನ ಕ್ರಿಸ್‌ಮಸ್ ಜಾನಪದ ನಾಟಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಮ್ಮರ್ಸ್ ನಾಟಕ ಎಂದರೇನು?

ಕ್ರಿಸ್‌ಮಸ್ ದಿನಗಳಲ್ಲಿ ಇಂಗ್ಲೆಂಡಿನ ಹಳ್ಳಿಗಳ ಗಂಡಸರು ಮತ್ತು ಹುಡುಗರು ಸಣ್ಣ ತಂಡ ಕಟ್ಟಿಕೊಂಡು, ಗುರುತು ಸಿಗದಂತೆ ವೇಷ ಹಾಕಿಕೊಂಡು, ಮನೆಯಿಂದ ಮನೆಗೆ, ಪಬ್ಬಿನಿಂದ ಪಬ್ಬಿಗೆ, ಜಮೀನುದಾರರ ಬಂಗಲೆಗಳಿಗೆ ಹೋಗಿ ಆಡುತ್ತಿದ್ದ, ಕೆಲವು ಊರುಗಳಲ್ಲಿ ಈಗಲೂ ಆಡುತ್ತಿರುವ ಚಿಕ್ಕ ಪದ್ಯನಾಟಕಗಳಿಗೆ ಈ ಹೆಸರಿದೆ. ಆಟ ಹೆಚ್ಚೆಂದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ರಂಗಮಂಟಪವಿಲ್ಲ, ಪರದೆಯಿಲ್ಲ, ಬರೆದವರ ಹೆಸರೂ ಇಲ್ಲ. ಇಬ್ಬರು ವೀರರು ಕತ್ತಿ ಹಿಡಿದು ಕಾದಾಡುತ್ತಾರೆ, ಒಬ್ಬ ಸಾಯುತ್ತಾನೆ, ವೈದ್ಯನೊಬ್ಬ ಬಂದು ಅವನನ್ನು ಬದುಕಿಸುತ್ತಾನೆ, ಕೊನೆಗೆ ಇನ್ನೊಬ್ಬ ಟೊಪ್ಪಿಗೆ ಒಡ್ಡಿ ಕಾಸು ಎತ್ತುತ್ತಾನೆ. ಕಥೆ ಇಷ್ಟೇ.

ಆಟಗಾರರನ್ನು ಕರೆಯುವ ಹೆಸರು ಮಾತ್ರ ಸೀಮೆಯಿಂದ ಸೀಮೆಗೆ ಬೇರೆ. ಡರ್ಬಿಶೈರ್ ಕಡೆ ಅವರು ಗೈಸರ್ಸ್, ಸಸೆಕ್ಸ್‌ನಲ್ಲಿ ಟಿಪ್ಟೀರರ್ಸ್, ಹ್ಯಾಂಪ್‌ಶೈರ್‌ನ ಕೆಲವೆಡೆ ಜಾನಿ ಜಾಕ್ಸ್, ಲಿಂಕನ್‌ಶೈರ್‌ನಲ್ಲಿ ಪ್ಲೌ ಜ್ಯಾಗ್ಸ್.

ಆಟ ಹೇಗೆ ಸಾಗುತ್ತದೆ? ಯಾವ ಯಾವ ಪಾತ್ರಗಳು ಬರುತ್ತವೆ?

ಮೊದಲು ಒಬ್ಬ ಒಳಗೆ ಬಂದು, ಜಾಗ ಬಿಡಿ, ಜಾಗ ಬಿಡಿ ಎಂದು ಕೂಗುತ್ತಾನೆ. ಅವನ ಕೈಯಲ್ಲಿ ಪೊರಕೆಯೋ ಕೋಲೋ ಇದ್ದರೆ ಅದರಿಂದ ಜನರನ್ನು ಹಿಂದಕ್ಕೆ ಸರಿಸಿ ಆಟದ ಕಣ ಬಿಡಿಸುತ್ತಾನೆ. ಬಹಳ ಕಡೆ ಈ ಕೆಲಸ ಫಾದರ್ ಕ್ರಿಸ್‌ಮಸ್‌ನದು. ಇಂದು ನಾವು ಬಲ್ಲ, ಮಕ್ಕಳಿಗೆ ಉಡುಗೊರೆ ತರುವ ಕೆಂಪಂಗಿಯ ಅಜ್ಜನಿಗಿಂತ ಈತ ಒರಟು. ಬೆನ್ನು ಬಾಗಿದ ಈ ಮುದುಕ, ನನ್ನನ್ನು ಬಾ ಎನ್ನಿ ಬಿಡಿ, ಮರೆಯದಿದ್ದರೆ ಸಾಕು ಎಂಬ ಧಾಟಿಯಲ್ಲಿ ಮಾತು ತೆಗೆಯುತ್ತಾನೆ. ಅವನ ಚೀಲದಲ್ಲಿ ಯಾರಿಗೂ ಏನೂ ಇರುವುದಿಲ್ಲ.

ಬಳಿಕ ಇಂಗ್ಲೆಂಡಿನ ಪೋಷಕ ಸಂತನಾದ ಸೇಂಟ್ ಜಾರ್ಜ್ ಬರುತ್ತಾನೆ. ಎಷ್ಟೋ ಊರುಗಳಲ್ಲಿ ಅವನು ಸಂತತನ ಕಳೆದುಕೊಂಡು ಕಿಂಗ್ ಜಾರ್ಜ್ ಆಗಿದ್ದಾನೆ. ಅಂದಿನ ದೊರೆಗಳ ಹೆಸರೂ ಅದೇ ಆಗಿದ್ದರಿಂದ ಆಡುವವರಿಗಾಗಲಿ ನೋಡುವವರಿಗಾಗಲಿ ಅದು ಅಡ್ಡಿಯೆನಿಸಿರಲಾರದು. ಅವನೆದುರು ತುರ್ಕಿ ವೀರ, ಇಲ್ಲವೇ ಸ್ಲ್ಯಾಷರ್ ಎಂಬ ಸೈನಿಕ ನಿಲ್ಲುತ್ತಾನೆ. ನೆಪೋಲಿಯನ್ ಯುದ್ಧಗಳ ನಂತರ ಕೆಲವು ತಂಡಗಳು ನೆಪೋಲಿಯನ್‌ನನ್ನೂ ನೆಲ್ಸನ್‌ನನ್ನೂ ಒಳಕ್ಕೆ ಕರೆದುಕೊಂಡವು. ವೀರರಿಬ್ಬರೂ ತಮ್ಮ ಪರಾಕ್ರಮವನ್ನು ತಾವೇ ಹೊಗಳಿಕೊಂಡು, ಎದುರಾಳಿಯನ್ನು ಕೊಚ್ಚಿ ಕಡುಬಿಗೆ ತುಂಬಲು ಕಳಿಸುತ್ತೇನೆ ಎಂದು ಬೆದರಿಸಿ, ಮರದ ಕತ್ತಿಗಳನ್ನು ನಾಲ್ಕಾರು ಸಲ ಟಕಟಕನೆ ಬಡಿಯುತ್ತಾರೆ. ಹೆಚ್ಚಿನ ಕಡೆ ಬೀಳುವವನು ತುರ್ಕಿ ವೀರ, ಆದರೆ ಕೆಲವು ಪಠ್ಯಗಳಲ್ಲಿ ಸ್ವತಃ ಜಾರ್ಜನೇ ಸಾಯುತ್ತಾನೆ. ಯಾರು ಸತ್ತರೂ ನಡೆಯುತ್ತದೆ, ಒಬ್ಬ ಸಾಯಲೇಬೇಕು. ಇಲ್ಲದಿದ್ದರೆ ವೈದ್ಯನಿಗೆ ಕೆಲಸವಿರುವುದಿಲ್ಲ.

ಸತ್ತವನು ಎದ್ದ ಮೇಲೆ ಕಥೆಗೆ ಯಾವ ಸಂಬಂಧವೂ ಇಲ್ಲದ ಪಾತ್ರಗಳು ಸಾಲಾಗಿ ಬರುತ್ತವೆ. ಹೆಗಲ ಮೇಲೆ ದೊಣ್ಣೆ, ಕೈಯಲ್ಲಿ ಬಾಣಲೆ ಹಿಡಿದು, ನಾನೆಂಥ ಖುಷಿಯ ಮುದುಕ ನೋಡಿ ಎನ್ನುವ ಬೀಲ್ಜೆಬಬ್; ಹೆಂಡತಿ ಮಕ್ಕಳೆಲ್ಲ ನನ್ನ ಬೆನ್ನ ಮೇಲಿದ್ದಾರೆ ಎಂದು ಬೆನ್ನಿಗೆ ಕಟ್ಟಿದ ಗೊಂಬೆಗಳನ್ನು ತೋರಿಸುವ ಜಾನಿ ಜಾಕ್; ಕಾಸು ಕೊಡದಿದ್ದರೆ ನಿಮ್ಮನ್ನೆಲ್ಲ ಗುಡಿಸಿ ಹಾಕುತ್ತೇನೆ ಎಂದು ಪೊರಕೆ ಝಳಪಿಸುವ ಪುಟ್ಟ ದೆವ್ವ ಡೆವಿಲ್ ಡೌಟ್. ಇವರೆಲ್ಲ ಏಕೆ ಬಂದರೆಂದು ಕೇಳಿದರೆ ಉತ್ತರ ಟೊಪ್ಪಿಗೆಯಲ್ಲಿದೆ.

ವೈದ್ಯನ ಪಾತ್ರಕ್ಕೆ ಅಷ್ಟು ಮಹತ್ವ ಏಕೆ?

ಊರೂರಿನ ಪಠ್ಯಗಳನ್ನು ಹೋಲಿಸಿದರೆ ವೀರರ ಹೆಸರು ಬದಲಾಗುತ್ತದೆ, ಸಾಯುವವನು ಬದಲಾಗುತ್ತಾನೆ, ವೈದ್ಯ ಮಾತ್ರ ಬಹುತೇಕ ಎಲ್ಲದರಲ್ಲೂ ಇರುತ್ತಾನೆ. ಇಡೀ ನಾಟಕದಲ್ಲಿ ನಿಜವಾದ ನಟನೆಗೆ ಅವಕಾಶವಿರುವುದೂ ಅವನಿಗೇ. ಎತ್ತರದ ಕಪ್ಪು ಟೊಪ್ಪಿಗೆ, ಉದ್ದ ಕೋಟು, ಕೈಯಲ್ಲೊಂದು ಚೀಲ. ಮೊದಲು ಶುಲ್ಕದ ಚೌಕಾಸಿ ನಡೆಯುತ್ತದೆ. ಹತ್ತು ಪೌಂಡ್ ಕೊಡಬೇಕು, ನೀನು ಒಳ್ಳೆಯವನಾದ್ದರಿಂದ ಐದಕ್ಕೆ ಮಾಡುತ್ತೇನೆ ಎನ್ನುತ್ತಾನೆ. ಎಲ್ಲೆಲ್ಲಿ ಸುತ್ತಿದ್ದೀರಿ ಎಂದು ಕೇಳಿದರೆ ಇಟಲಿ, ಫ್ರಾನ್ಸ್, ಸ್ಪೇನ್ ಎಂದು ಪಟ್ಟಿ ಕೊಡುವವನು ಒಬ್ಬ. ಲಿಂಕನ್‌ಶೈರ್‌ನ ವೈದ್ಯ ಅದಕ್ಕಿಂತ ಪ್ರಾಮಾಣಿಕ: ಒಲೆಯ ಬುಡದಿಂದ ಹಾಸಿಗೆಯವರೆಗೆ, ಮೆಟ್ಟಿಲ ಕೆಳಗಿನಿಂದ ಮೇಲಿನವರೆಗೆ ಪ್ರಯಾಣ ಮಾಡಿ ಬೇಕಾದಷ್ಟು ಮಾಂಸದ ಕಡುಬು ತಿಂದಿದ್ದೇನೆ ಎನ್ನುತ್ತಾನೆ. ಯಾವ ಯಾವ ರೋಗ ವಾಸಿಮಾಡುತ್ತೀರಿ ಎಂದರೆ ತುರಿಕೆ, ಸೆಳೆತ, ಪಾರ್ಶ್ವವಾಯು, ಗೌಟು, ಒಳಗೆ ಹತ್ತೊಂಬತ್ತು ದೆವ್ವಗಳಿದ್ದರೆ ಇಪ್ಪತ್ತನ್ನು ಹೊರಗೆ ತೆಗೆಯುತ್ತೇನೆ ಎಂಬ ಉತ್ತರ ಬರುತ್ತದೆ. ಸೊಂಟದ ಸೀಸೆಯಿಂದ ಎಲಿಕಂಪೇನ್ ಎಂಬ ಬೇರಿನ ಔಷಧವನ್ನು ಸತ್ತವನ ಬಾಯಿಗೆ ಎರಡು ಹನಿ ಬಿಡುತ್ತಾನೆ. ಇದು ಕಲ್ಪನೆಯ ಹೆಸರಲ್ಲ, ಕೆಮ್ಮು ಮತ್ತು ಎದೆಯ ತೊಂದರೆಗಳಿಗೆ ಯುರೋಪಿನಲ್ಲಿ ನಿಜವಾಗಿಯೂ ಬಳಕೆಯಲ್ಲಿದ್ದ ಗಿಡ.

ಹಲವು ಊರುಗಳಲ್ಲಿ ಹಲ್ಲು ಕೀಳುವ ಪ್ರಸಂಗವೂ ಸೇರಿಕೊಂಡಿದೆ. ದೊಡ್ಡ ಇಕ್ಕಳ ಹಾಕಿ, ತಂಡದವರೆಲ್ಲ ಒಬ್ಬರ ಸೊಂಟ ಒಬ್ಬರು ಹಿಡಿದು ಜಗ್ಗಿ, ಎಲ್ಲರೂ ಹಿಂದಕ್ಕೆ ಬಿದ್ದಾಗ ಇಕ್ಕಳದ ತುದಿಯಲ್ಲಿ ಕುದುರೆಯ ಹಲ್ಲು ಇರುತ್ತದೆ. ಮನುಷ್ಯನ ಹಲ್ಲಿಗಿಂತ ಆನೆಯ ಹಲ್ಲಿನಂತಿದೆಯಲ್ಲ ಎಂದು ವೈದ್ಯ ಅದನ್ನು ಸಭೆಗೆ ತೋರಿಸುತ್ತಾನೆ. 17 ಮತ್ತು 18ನೇ ಶತಮಾನಗಳ ಸಂತೆಗಳಲ್ಲಿ ಕಟ್ಟೆ ಹತ್ತಿ ನಿಂತು, ಮಾತಿನ ಮಳೆ ಸುರಿಸಿ ಔಷಧ ಮಾರುತ್ತಿದ್ದ ಡೋಂಗಿ ವೈದ್ಯರ ಅಣಕ ಇದು. ನಾಟಕದ ವಯಸ್ಸನ್ನು ಲೆಕ್ಕ ಹಾಕುವಾಗ ಈ ವಿಷಯ ನೆನಪಿರಬೇಕು.

ಇದು ಕ್ರೈಸ್ತಧರ್ಮಕ್ಕೂ ಹಿಂದಿನ, ಸಾವಿರಾರು ವರ್ಷಗಳ ಆಚರಣೆ ಎಂದು ಓದಿದ್ದೇವೆ. ನಿಜವೇ?

ಹಾಗೆ ಹೇಳಲು ಆಧಾರವಿಲ್ಲ. ಈ ನಾಟಕಗಳ ಬಗ್ಗೆ ಅತಿ ಹೆಚ್ಚು ಹರಡಿರುವ ತಪ್ಪು ತಿಳಿವಳಿಕೆ ಇದೇ ಆಗಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಉತ್ತರಿಸಬೇಕಾಗಿದೆ.

ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ 1890ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥ, ಸತ್ತು ಮತ್ತೆ ಹುಟ್ಟುವ ಸಸ್ಯದೇವತೆಗಳ ಕಲ್ಪನೆಯನ್ನು ಓದುಗರ ತಲೆಯಲ್ಲಿ ಗಟ್ಟಿಯಾಗಿ ಕೂರಿಸಿತು. ಆಮೇಲಿನ ವಿದ್ವಾಂಸರಿಗೆ ಹಳ್ಳಿಯ ಪಬ್ಬಿನಲ್ಲಿ ಸತ್ತು ಏಳುವ ತುರ್ಕಿ ವೀರನೂ ಅದೇ ದೇವತೆಯಂತೆ ಕಂಡ. ಚಳಿಗಾಲದ ಸಾವು, ವಸಂತದ ಮರುಹುಟ್ಟು, ಫಲವಂತಿಕೆಯ ವಿಧಿ ಎಂಬ ವ್ಯಾಖ್ಯಾನ ಬೆಳೆಯಿತು. ಮಧ್ಯಯುಗದ ರಂಗಭೂಮಿಯನ್ನು ಕುರಿತು 1903ರಲ್ಲಿ ಬರೆದ ಇ. ಕೆ. ಚೇಂಬರ್ಸ್ ಈ ದಿಕ್ಕಿಗೆ ದೊಡ್ಡ ಬೆಂಬಲ ಕೊಟ್ಟರು. ಕೇಳಲು ಸೊಗಸಾದ ಸಿದ್ಧಾಂತ, ತಕರಾರು ಒಂದೇ: ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಆಚರಣೆಗಳನ್ನು ಕುರಿತ ಹಳೆಯ ದಾಖಲೆಗಳು ಹೇರಳವಾಗಿದ್ದರೂ 18ನೇ ಶತಮಾನಕ್ಕೆ ಮುಂಚೆ ಈ ನಾಟಕದ ಪಠ್ಯವೊಂದೂ ಸಿಗುವುದಿಲ್ಲ. ಆ ಶತಮಾನದ ನಡುಭಾಗದಲ್ಲಿ ನ್ಯೂಕಾಸಲ್‌ನಲ್ಲಿ ಅಲೆಗ್ಸಾಂಡರ್ ಮತ್ತು ಈಜಿಪ್ಟಿನ ರಾಜನ ಆಟ ಚಿಕ್ಕ ಪುಸ್ತಕವಾಗಿ ಅಚ್ಚಾಯಿತು. 1779ರಲ್ಲಿ ಲಿಂಕನ್‌ಶೈರ್‌ನ ರೆವ್ಸ್‌ಬಿಯಲ್ಲಿ, ಅಂದರೆ ಕ್ಯಾಪ್ಟನ್ ಕುಕ್ ಜೊತೆ ಸಮುದ್ರಯಾನ ಮಾಡಿದ್ದ ಜೋಸೆಫ್ ಬ್ಯಾಂಕ್ಸ್‌ನ ಎಸ್ಟೇಟಿನಲ್ಲಿ, ಒಂದು ಆಟದ ಹಸ್ತಪ್ರತಿ ಸಿದ್ಧವಾಯಿತು. ಮಕ್ಕಳು ಕತ್ತಿಗಳಿಂದ ತಮ್ಮ ತಂದೆಯಾದ ವಿದೂಷಕನನ್ನು ಕೊಲ್ಲುವ, ಅವನು ಎದ್ದು ಕುಳಿತು ಮತ್ತೆ ಮಾತಿಗೆ ತೊಡಗುವ ಆ ಪಠ್ಯ ಇಡೀ ಪರಂಪರೆಯಲ್ಲಿಯೇ ಒಂದು ವಿಚಿತ್ರ ಕೃತಿ. ಉಳಿದ ಪಠ್ಯಗಳಲ್ಲಿ ಬಹುಪಾಲು 19ನೇ ಶತಮಾನದವು ಮತ್ತು ಅದರ ನಂತರ ಮುದುಕರ ನೆನಪಿನಿಂದ ಬರೆದುಕೊಂಡವು.

ಹಳೆಯದಾಗಿರುವುದು ವೇಷ ಹಾಕಿಕೊಂಡು ಮನೆಮನೆಗೆ ಹೋಗುವ ರೂಢಿ. 1377ರ ಚಳಿಗಾಲದಲ್ಲಿ ಲಂಡನ್ನಿನ 130 ನಾಗರಿಕರು ಮುಖವಾಡ ಧರಿಸಿ, ಪಂಜು ಹಿಡಿದು, ಕೆನ್ನಿಂಗ್ಟನ್‌ನಲ್ಲಿದ್ದ ಬಾಲಕ ರಾಜಕುಮಾರ ರಿಚರ್ಡ್‌ನನ್ನು ಕಾಣಲು ಹೋದರು. ಅಲ್ಲಿ ನಾಟಕ ನಡೆಯಲಿಲ್ಲ. ರಾಜಕುಮಾರನೇ ಗೆಲ್ಲುವಂತೆ ಮೊದಲೇ ಹದಗೊಳಿಸಿದ್ದ ದಾಳಗಳಿಂದ ಜೂಜಾಡಿ, ಚಿನ್ನದ ವಸ್ತುಗಳನ್ನು ಸೋತು ಬಂದರು. ಎಂಟನೆಯ ಹೆನ್ರಿಯ ಆಳ್ವಿಕೆಯ ಆರಂಭದಲ್ಲಿ ಮುಖ ಮರೆಸಿಕೊಂಡು ತಿರುಗುವ ಮಮ್ಮರ್‌ಗಳ ವಿರುದ್ಧ ಕಾನೂನೇ ಬಂತು, ಏಕೆಂದರೆ ಆ ಮರೆಯಲ್ಲಿ ಕಳ್ಳತನ ನಡೆಯುತ್ತಿತ್ತು. ಆ ದಾಖಲೆಗಳಲ್ಲಿ ಸೇಂಟ್ ಜಾರ್ಜನೂ ಇಲ್ಲ, ವೈದ್ಯನೂ ಇಲ್ಲ. ಹೆಸರು ಒಂದೇ ಎಂಬ ಕಾರಣಕ್ಕೆ ಮಮ್ಮಿಂಗ್ ಎಂಬ ಆ ವೇಷದ ಸುತ್ತಾಟವನ್ನೂ ಈ ನಾಟಕವನ್ನೂ ಒಂದೇ ಎಳೆಗೆ ಪೋಣಿಸುವುದು ತಪ್ಪು.

ಹಾಗಾದರೆ ಇದಕ್ಕೆ ಮೂಲವೇನು?

ಇತ್ತೀಚಿನ ದಶಕಗಳ ಸಂಶೋಧನೆ, ಅದರಲ್ಲೂ ಪಠ್ಯಗಳನ್ನು ಸಾಲುಸಾಲಾಗಿ ಹೋಲಿಸಿ ನೋಡಿದ ಪೀಟರ್ ಮಿಲಿಂಗ್ಟನ್ ಅವರ ಕೆಲಸ, ನಾಟಕ 18ನೇ ಶತಮಾನದಲ್ಲಿ ರೂಪುಗೊಂಡು, ಆಗಲೇ ಇದ್ದ ಮನೆಮನೆ ಸುತ್ತುವ ರೂಢಿಗೆ ಸೇರಿಕೊಂಡಿತು ಎಂಬುದನ್ನು ನಂಬಲು ಕಾರಣ ಕೊಡುತ್ತದೆ. ಸೇಂಟ್ ಜಾರ್ಜನ ಸಾಹಸಗಳು 1596ರಲ್ಲಿ ಬಂದ ರಿಚರ್ಡ್ ಜಾನ್ಸನ್‌ನ ಜನಪ್ರಿಯ ಕಥೆಯಿಂದ ಮನೆಮಾತಾಗಿದ್ದವು, ವೈದ್ಯ ಸಂತೆಯಲ್ಲೇ ಇದ್ದ. 19ನೇ ಶತಮಾನದಲ್ಲಿ ಉತ್ತರದ ಕೈಗಾರಿಕಾ ಪಟ್ಟಣಗಳ ಮುದ್ರಕರು ನಾಟಕವನ್ನು ಅಗ್ಗದ ಪುಸ್ತಕಗಳಾಗಿ ಅಚ್ಚುಹಾಕಿ ಮಾರಿದರು, ಹುಡುಗರು ಕೊಂಡು ಬಾಯಿಪಾಠ ಮಾಡಿದರು. ಬಾಯಿಂದ ಬಾಯಿಗೆ ಸಾಗುವಾಗ ಅರ್ಥ ತಿಳಿಯದ ಪದಗಳು ಚಿತ್ರವಿಚಿತ್ರವಾಗಿ ಬದಲಾದವು. ಅಚ್ಚಿನ ಪಾತ್ರ ಇಷ್ಟಿದ್ದರೂ ಜಾನಪದವೆಂದರೆ ಅಕ್ಷರದ ಸೋಂಕಿಲ್ಲದ್ದು ಎಂದು ನಂಬುವವರು ಇದನ್ನು ಒಪ್ಪಲು ಹಿಂಜರಿಯುತ್ತಾರೆ. ನನ್ನ ಮಟ್ಟಿಗೆ, ದೇವತೆಯ ಕಥೆಗಿಂತ ಈ ಕಥೆಯೇ ಹೆಚ್ಚು ಸ್ವಾರಸ್ಯದ್ದು.

ಕ್ರಿಸ್‌ಮಸ್ ಸಮಯದಲ್ಲೇ ಆಡುತ್ತಿದ್ದುದು ಏಕೆ?

ಕೂಲಿಯ ಕಾರಣಕ್ಕೆ ಎಂಬುದು ನೇರವಾದ ಉತ್ತರ. ಆಡುತ್ತಿದ್ದವರು ಹೊಲದ ಆಳುಗಳು, ಕಲ್ಲುಗಣಿಯವರು, ಇಟ್ಟಿಗೆ ಕೆಲಸದವರು. ನೆಲ ಹೆಪ್ಪುಗಟ್ಟಿದ ತಿಂಗಳುಗಳಲ್ಲಿ ಅವರಲ್ಲಿ ಅನೇಕರಿಗೆ ಕೆಲಸವಿರುತ್ತಿರಲಿಲ್ಲ. ಉಳ್ಳವರ ಕೈ ಸ್ವಲ್ಪ ಸಡಿಲವಾಗುವುದು ಹಬ್ಬದಲ್ಲಿ. ಬರಿಗೈ ಚಾಚುವುದಕ್ಕಿಂತ ಒಂದು ಆಟ ತೋರಿಸಿ ಕೇಳುವುದು ಮರ್ಯಾದೆಯ ದಾರಿ, ವೇಷದ ಮರೆಯೂ ಅದಕ್ಕೆ ಒದಗಿ ಬರುತ್ತಿತ್ತು. ಜಾನಪದ ಸಂಗ್ರಾಹಕ ಸೆಸಿಲ್ ಶಾರ್ಪ್ 1899ರ ಡಿಸೆಂಬರ್ 26ರಂದು ಆಕ್ಸ್‌ಫರ್ಡ್ ಬಳಿಯ ಹೆಡಿಂಗ್ಟನ್‌ನಲ್ಲಿ ಮಾರಿಸ್ ಎಂಬ ಇಂಗ್ಲಿಷ್ ಜಾನಪದ ನೃತ್ಯದ ತಂಡವನ್ನು ಮೊದಲ ಬಾರಿ ಕಂಡರು. ಆ ನೃತ್ಯದ ಕಾಲ ಬೇಸಿಗೆಯ ಆರಂಭ. ಅಕಾಲದಲ್ಲಿ ಏಕೆ ಬಂದಿರಿ ಎಂದರೆ, ಚಳಿಗೆ ಕೆಲಸ ನಿಂತಿದೆ, ನಾಲ್ಕು ಕಾಸು ಸಂಪಾದಿಸಲು ಬಂದೆವು ಎಂಬುದೇ ಅವರ ಉತ್ತರವಾಗಿತ್ತು. ಮಮ್ಮರ್ಸ್ ನಾಟಕದವರದೂ ಇದೇ ಲೆಕ್ಕ. ಒಂದೇ ಸಂಜೆ ಹಲವು ಮನೆಗಳಿಗೆ ಹೋಗಬೇಕಾದ್ದರಿಂದ ಆಟ ಚಿಕ್ಕದಾಗಿರುವುದೂ ಅನಿವಾರ್ಯವಾಗಿತ್ತು.

ಎಲ್ಲ ಕಡೆಯೂ ಕ್ರಿಸ್‌ಮಸ್ಸೇ ಎಂದೂ ಹೇಳಲಾಗದು. ಚೆಶೈರ್‌ನ ಆಂಟ್ರೋಬಸ್‌ನಲ್ಲಿ ಇದೇ ಬಗೆಯ ನಾಟಕ ಸತ್ತವರ ಆತ್ಮಗಳನ್ನು ನೆನೆಯುವ ನವೆಂಬರ್ ಆರಂಭದ ಹಬ್ಬದ ಹೊತ್ತಿಗೆ ಬರುತ್ತದೆ, ಜೊತೆಗೆ ನಿಜವಾದ ಕುದುರೆಯ ತಲೆಬುರುಡೆಗೆ ಕಪ್ಪು ಬಣ್ಣ ಬಳಿದು ದವಡೆ ಕಟಕಟಿಸುವಂತೆ ಮಾಡಿದ ಕಾಡುಕುದುರೆಯೂ ಇರುತ್ತದೆ. ಯಾರ್ಕ್‌ಶೈರ್‌ನ ಮಿಜ್ಲಿಯಲ್ಲಿ ಅದು ಈಸ್ಟರ್ ಹಿಂದಿನ ಶುಭ ಶುಕ್ರವಾರಕ್ಕೆ ಸಲ್ಲುತ್ತದೆ.

ಇಂಗ್ಲೆಂಡಿನ ಎಲ್ಲ ಭಾಗಗಳಲ್ಲಿಯೂ ಒಂದೇ ಕಥೆಯೇ?

ಮೇಲೆ ಹೇಳಿದ ವೀರರ ಕಾಳಗ ಅತ್ಯಂತ ವ್ಯಾಪಕವಾದದ್ದು. ಈಶಾನ್ಯದ ಯಾರ್ಕ್‌ಶೈರ್ ಮತ್ತು ಡರಮ್ ಸೀಮೆಗಳಲ್ಲಿ ಕತ್ತಿ ನೃತ್ಯವೇ ಮುಖ್ಯ. ನರ್ತಕರು ತಮ್ಮ ಕತ್ತಿಗಳನ್ನು ನಕ್ಷತ್ರದಾಕಾರದಲ್ಲಿ ಹೆಣೆದು ಒಬ್ಬನ ಕೊರಳ ಸುತ್ತ ಇಟ್ಟು ಒಮ್ಮೆಲೇ ಎಳೆದುಕೊಳ್ಳುತ್ತಾರೆ. ಆ ಸೀಮೆಯ ಕೆಲವು ಊರುಗಳಲ್ಲಿ ಇದರ ಜೊತೆಗೆ ನಾಟಕವೂ ಇದ್ದು, ಅಲ್ಲಿಯೂ ವೈದ್ಯ ಬರಬೇಕಾಗುತ್ತದೆ.

ಲಿಂಕನ್‌ಶೈರ್ ಮತ್ತು ನಾಟಿಂಗ್‌ಹ್ಯಾಮ್‌ಶೈರ್ ಕಡೆಯ ನೇಗಿಲ ನಾಟಕ ಕ್ರಿಸ್‌ಮಸ್ ಮುಗಿದು ಜನವರಿ 6ರ ನಂತರದ ಮೊದಲ ಸೋಮವಾರಕ್ಕೆ ಸೇರಿದ್ದು, ಕಥೆಯೂ ಬೇರೆ. ಒಬ್ಬಳು ಬೆಡಗಿನ ಹೆಣ್ಣು ರೈತನ ಆಳನ್ನು ಒಲ್ಲೆ ಎನ್ನುತ್ತಾಳೆ, ಅವನು ಮುನಿದು ಸೈನ್ಯಕ್ಕೆ ಆಳು ಸೇರಿಸುವ ಸಾರ್ಜೆಂಟನ ಕೈಯಿಂದ ಹಣ ಪಡೆದು ಹೊರಡುತ್ತಾನೆ, ಅವಳು ವಿದೂಷಕನನ್ನು ಮದುವೆಯಾಗಲು ಒಪ್ಪುತ್ತಾಳೆ. ಆಗ ಡೇಮ್ ಜೇನ್ ಎಂಬ ಮುದುಕಿ ಕೂಸೊಂದನ್ನು ಎತ್ತಿಕೊಂಡು ಬಂದು, ಇದರ ಅಪ್ಪ ನೀನೇ ಎಂದು ವಿದೂಷಕನ ಕೊರಳಿಗೆ ಬೀಳುತ್ತಾಳೆ. ಅವಳಿಗೆ ಏಟು ಬಿದ್ದು ಸಾಯುತ್ತಾಳೆ, ವೈದ್ಯ ಎಬ್ಬಿಸುತ್ತಾನೆ. ಇದೇ ಸೋಮವಾರ ನೇಗಿಲು ಎಳೆದುಕೊಂಡು ಬರುವ ಹುಡುಗರಿಗೆ ಕಾಸು ಕೊಡದ ಮನೆಯ ಮುಂದಿನ ನೆಲವನ್ನು ಉತ್ತುಬಿಡುತ್ತಿದ್ದರೆಂಬ ವರದಿಗಳಿವೆ.

ವೇಷಭೂಷಣ ಹೇಗಿರುತ್ತದೆ?

ಪಾತ್ರಕ್ಕೆ ತಕ್ಕ ಉಡುಪು ಎಂಬ ವಿಚಾರ ಬಹಳ ತಂಡಗಳಲ್ಲಿ ಇರಲಿಲ್ಲ. ಹಳೆಯ ಅಂಗಿಯನ್ನು ಒಳಗುಹೊರಗು ಮಾಡಿ ಹಾಕಿಕೊಂಡು ಅದರ ಮೇಲೆ ರಿಬ್ಬನ್, ಬಟ್ಟೆಯ ತುಂಡು, ಗೋಡೆ ಕಾಗದ ಹೊಲಿದರೆ ಸಾಕಿತ್ತು. ಗ್ಲಾಸ್ಟರ್‌ಶೈರ್‌ನ ಮಾರ್ಷ್‌ಫೀಲ್ಡ್‌ನಲ್ಲಿ ಇದು ಕೊನೆಯ ಹಂತ ಮುಟ್ಟಿದೆ. ಅಲ್ಲಿ ಪ್ರತಿ ವರ್ಷ ಡಿಸೆಂಬರ್ 26ರ ಬೆಳಿಗ್ಗೆ, ಗಂಟೆ ಬಾರಿಸುವ ಡಂಗುರದವನ ಹಿಂದೆ ಏಳು ಜನ ಮುಖ್ಯಬೀದಿಗೆ ಬರುತ್ತಾರೆ. ವೃತ್ತಪತ್ರಿಕೆ ಮತ್ತು ಬಣ್ಣದ ಕಾಗದದ ನೂರಾರು ಪಟ್ಟಿಗಳನ್ನು ತಲೆಯಿಂದ ಕಾಲಿನವರೆಗೆ ಹೊಲಿದಿರುವುದರಿಂದ ಕಣ್ಣು ಮೂಗು ಕಾಣುವುದಿಲ್ಲ, ನಡೆದರೆ ಒಣ ಎಲೆಯ ರಾಶಿ ಸರಿದಂತೆ ಸದ್ದಾಗುತ್ತದೆ, ಹತ್ತಿರ ನಿಂತವರು ಅಲ್ಲಿನ ಆಟದ ವೀರನಾದ ಕಿಂಗ್ ವಿಲಿಯಂನ ಎದೆಯ ಮೇಲೆ ಇತ್ತೀಚಿನ ಕ್ರೀಡಾಸುದ್ದಿ ಓದಬಹುದು.

19ನೇ ಶತಮಾನದ ಕೊನೆಯ ಭಾಗದಲ್ಲಿ ನಿಂತುಹೋಗಿದ್ದ ಈ ಆಟ 1930ರ ದಶಕದ ಆರಂಭದಲ್ಲಿ ಮತ್ತೆ ಶುರುವಾಯಿತು. ಊರಿನ ಪಾದ್ರಿ ತಮ್ಮ ತೋಟಗಾರ ಹಳೆಯ ಸಾಲುಗಳನ್ನು ಗೊಣಗುತ್ತಿದ್ದುದನ್ನು ಕೇಳಿಸಿಕೊಂಡು, ಜಾನಪದ ವಿದ್ವಾಂಸೆಯಾದ ತಮ್ಮ ಸೋದರಿ ವಯಲೆಟ್ ಆಲ್ಫರ್ಡ್‌ಗೆ ತಿಳಿಸಿದರು. ಆಕೆ ಊರಿನ ಹಿರಿಯರ ನೆನಪುಗಳನ್ನು ಕೂಡಿಸಿ ತಂಡ ಕಟ್ಟಲು ಕಾರಣರಾದರು. ಯಾವುದು ಸರಿಯಾದ ಕ್ರಮ ಎಂಬ ವಿಷಯದಲ್ಲಿ ವಿದ್ವಾಂಸೆಗೂ ಹಿರಿಯರಿಗೂ ಭಿನ್ನಾಭಿಪ್ರಾಯ ಬಂತೆಂಬುದು ನಂಬತಕ್ಕ ಮಾತು. ಪುನರುಜ್ಜೀವನಗೊಂಡ ಯಾವ ಕಲೆಯಲ್ಲಿ ಅದು ಬಂದಿಲ್ಲ?

ನಟರು ಭಾವವೇ ಇಲ್ಲದೆ ಒದರುತ್ತಾರೆ. ಅಭ್ಯಾಸದ ಕೊರತೆಯೇ?

ಅಲ್ಲ, ಅದೇ ಶೈಲಿ. ಆಟಗಾರರು ಅರ್ಧವೃತ್ತದಲ್ಲಿ ನಿಂತಿರುತ್ತಾರೆ. ಸರದಿ ಬಂದವನು ಒಂದು ಹೆಜ್ಜೆ ಮುಂದೆ ಬಂದು, ಇದೋ ಬಂದೆ ನಾನು ಎಂದು ತನ್ನ ಹೆಸರನ್ನು ತಾನೇ ಹೇಳಿ, ಎದುರಾಳಿಯನ್ನು ನೋಡದೆ ನೇರವಾಗಿ ಮುಂದಕ್ಕೆ ಏರುದನಿಯಲ್ಲಿ ಪದ್ಯ ಒಪ್ಪಿಸಿ ಹಿಂದಕ್ಕೆ ಸರಿಯುತ್ತಾನೆ. ಬಯಲಾಟದಲ್ಲಿ ಪಾತ್ರ ತನ್ನ ಪರಿಚಯವನ್ನು ತಾನೇ ಮಾಡಿಕೊಳ್ಳುವುದನ್ನು ಕಂಡವರಿಗೆ ಇದು ತೀರ ಹೊಸದೆನಿಸದು, ಆದರೆ ಕುಣಿತ, ಅಭಿನಯ ಯಾವುದನ್ನೂ ಇಲ್ಲಿ ನಿರೀಕ್ಷಿಸಬಾರದು. ಡಾರ್ಸೆಟ್‌ನಲ್ಲಿ ಹುಟ್ಟಿ ಬೆಳೆದ ಥಾಮಸ್ ಹಾರ್ಡಿ 1878ರ ತಮ್ಮ ಕಾದಂಬರಿಯಲ್ಲಿ ಇಂಥದೊಂದು ಆಟವನ್ನು ವಿವರವಾಗಿ ಚಿತ್ರಿಸಿದ್ದಾರೆ. ನಾಯಕಿ ಯೂಸ್ಟೇಷಿಯಾ ಗಂಡುಡುಗೆ ತೊಟ್ಟು ತುರ್ಕಿ ವೀರನ ಪಾತ್ರ ಮಾಡುವುದು ಅಲ್ಲಿಯೇ. ಮೈಮರೆತು ಉತ್ಸಾಹದಿಂದ ಆಡಿದರೆ ಅದು ಪುನರುಜ್ಜೀವನ, ಮಾಡಲೇಬೇಕಾದ ಕೆಲಸವೆಂಬಂತೆ ಜಡವಾಗಿ ಆಡಿದರೆ ಅದು ಉಳಿದುಬಂದ ಪರಂಪರೆ ಎಂಬ ಅವರ ಗ್ರಹಿಕೆ ಈ ನಾಟಕಗಳ ಬಗ್ಗೆ ಯಾರೇ ಹೇಳಿರುವ ಮಾತುಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು.

ಇದು ಪ್ಯಾಂಟೊಮೈಮ್ ಅಥವಾ ಯೇಸುವಿನ ಜನನದ ನಾಟಕಕ್ಕೆ ಸಂಬಂಧಿಸಿದೆಯೇ?

ಇಲ್ಲ. ಪ್ಯಾಂಟೊಮೈಮ್ ಟಿಕೆಟ್ ಕೊಟ್ಟು ನೋಡುವ ವೃತ್ತಿರಂಗಭೂಮಿಯ ಕ್ರಿಸ್‌ಮಸ್ ಪ್ರದರ್ಶನ, ಜನನದ ನಾಟಕ ಚರ್ಚು ಮತ್ತು ಶಾಲೆಗಳದು. ಮಮ್ಮರ್ಸ್ ನಾಟಕದಲ್ಲಿ ಯೇಸುವಿನ ಪ್ರಸ್ತಾಪವೇ ಇರುವುದು ಅಪರೂಪ.

ಮುಖಕ್ಕೆ ಕಪ್ಪು ಬಳಿಯುವ ವಿವಾದ ಏನು?

ಕೆಲವು ತಂಡಗಳು ಗುರುತು ಮರೆಸಲು ಮಸಿ ಬಳಿದುಕೊಳ್ಳುತ್ತಿದ್ದವು. ಅದು ಬರಿಯ ಮರೆ ಮಾತ್ರವೆಂದು ಸಮರ್ಥಿಸುವವರಿದ್ದಾರೆ. ಆದರೆ 19ನೇ ಶತಮಾನದಲ್ಲಿ ಕಪ್ಪು ಜನರನ್ನು ಅಣಕಿಸುವ ಮಿನ್‌ಸ್ಟ್ರೆಲ್ ಪ್ರದರ್ಶನಗಳು ಇಂಗ್ಲೆಂಡಿನಲ್ಲಿ ಭಾರಿ ಜನಪ್ರಿಯವಾಗಿದ್ದುದರಿಂದ ಅವುಗಳ ಪ್ರಭಾವವನ್ನು ಅಲ್ಲಗಳೆಯಲು ಸಾಧ್ಯವಿಲ್ಲ. 2020ರಲ್ಲಿ ಮಾರಿಸ್ ನೃತ್ಯದ ಮುಖ್ಯ ಸಂಘಟನೆಗಳು ಪೂರ್ಣ ಮುಖಕ್ಕೆ ಕಪ್ಪು ಬಳಿಯುವುದನ್ನು ಕೈಬಿಡಬೇಕೆಂದು ಸಾರಿದ ಮೇಲೆ ಹಲವು ತಂಡಗಳು ಬೇರೆ ಬಣ್ಣಕ್ಕೋ ಮುಖವಾಡಕ್ಕೋ ಹೊರಳಿವೆ. ಮುಖ ಮರೆಸುವುದೇ ಉದ್ದೇಶವಾಗಿದ್ದರೆ ನೀಲಿಯಾದರೂ ನಡೆಯುತ್ತದೆ.

ಈ ನಾಟಕಗಳನ್ನು ಈಗ ಎಲ್ಲಿ ನೋಡಬಹುದು?

ಮೊದಲ ಮಹಾಯುದ್ಧ ಅನೇಕ ತಂಡಗಳನ್ನು ಮುಗಿಸಿತು. ಪಠ್ಯಗಳನ್ನು ಸಂಗ್ರಹಿಸುತ್ತಿದ್ದ ಆರ್. ಜೆ. ಇ. ಟಿಡ್ಡಿ ಕೂಡ 1916ರಲ್ಲಿ ಯುದ್ಧದಲ್ಲಿ ತೀರಿಕೊಂಡರು, ಅವರ ಸಂಗ್ರಹ 1923ರಲ್ಲಿ ಹೊರಬಂತು. ಅದಾದ ಮೇಲೆ ಅಮೆರಿಕದ ಜೇಮ್ಸ್ ಮ್ಯಾಡಿಸನ್ ಕಾರ್ಪೆಂಟರ್ ಬ್ರಿಟನ್ನಿನಲ್ಲಿ ಊರೂರು ತಿರುಗಿ ಹಳೆಯ ಆಟಗಾರರಿಂದ ನೂರಾರು ಸಾಲುಗಳನ್ನು ಬರೆದುಕೊಂಡರು. 1960ರ ದಶಕದಿಂದ ಮುಂದೆ ಹೊಸ ತಂಡಗಳು ಹುಟ್ಟಿದ್ದರಿಂದ ಇಂದು ನೋಡಲು ಸಿಗುವುದು ಹೆಚ್ಚಾಗಿ ಪುನರುಜ್ಜೀವನದ ಆಟಗಳೇ, ಮಹಿಳೆಯರು ಆಡುವ ತಂಡಗಳೂ ಅವುಗಳಲ್ಲಿವೆ.

ಬ್ರಿಟನ್ನಿನಲ್ಲಿ ನೆಲೆಸಿರುವ ಅಥವಾ ರಜೆಗೆ ಹೋಗುವ ಕನ್ನಡಿಗರು ಡಿಸೆಂಬರ್ 26ನ್ನು ಬಿಡುವಾಗಿಟ್ಟುಕೊಳ್ಳುವುದು ಒಳ್ಳೆಯದು. ಅಂದು ಮಾರ್ಷ್‌ಫೀಲ್ಡ್ ಮತ್ತು ಹ್ಯಾಂಪ್‌ಶೈರ್‌ನ ಕ್ರೂಕಮ್‌ನಲ್ಲಿ ಮಮ್ಮರ್ಸ್ ನಾಟಕ, ಡರಮ್ ಸೀಮೆಯ ಗ್ರೇಟಮ್‌ನಲ್ಲಿ ಕತ್ತಿ ನೃತ್ಯದ ನಾಟಕ, ಶೆಫೀಲ್ಡ್ ಬಳಿಯ ಗ್ರೆನೋಸೈಡ್‌ನಲ್ಲಿ ಕತ್ತಿ ನೃತ್ಯ ನಡೆಯುತ್ತವೆ. ಅಂದು ಬಸ್ಸು ರೈಲುಗಳು ವಿರಳ, ಆದ್ದರಿಂದ ವಾಹನದ ಏರ್ಪಾಟನ್ನೂ ಆ ವರ್ಷದ ವೇಳೆಯನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ಪ್ರವೇಶಧನವಿಲ್ಲ, ಆದರೆ ಜೇಬಿನಲ್ಲಿ ಚಿಲ್ಲರೆ ಇರಲಿ. ಈಗ ಎತ್ತುವ ಹಣ ಬಹುಮಟ್ಟಿಗೆ ಧರ್ಮಕಾರ್ಯಗಳಿಗೆ ಹೋಗುತ್ತದೆ.

ನಮ್ಮ ಶಾಲೆ ಅಥವಾ ಹವ್ಯಾಸಿ ತಂಡ ಇದನ್ನು ಆಡಬಹುದೇ?

ಆಡಬಹುದು. ಹಳೆಯ ಪಠ್ಯಗಳಿಗೆ ಕರ್ತೃವಿಲ್ಲ, 19ನೇ ಶತಮಾನದಲ್ಲಿ ಅಚ್ಚಾದವುಗಳಿಗೆ ಹಕ್ಕುಸ್ವಾಮ್ಯದ ತೊಡಕೂ ಇಲ್ಲ. ಈಗಲೂ ಆಡುತ್ತಿರುವ ಊರಿನ ಪಠ್ಯವನ್ನೇ ಬಳಸುವುದಾದರೆ ಆ ತಂಡವನ್ನು ಒಂದು ಮಾತು ಕೇಳುವುದು ಸೌಜನ್ಯ. ತುರ್ಕಿ ವೀರನನ್ನು ಧರ್ಮದ ಶತ್ರುವಾಗಿ ಚಿತ್ರಿಸುವ ಸಾಲುಗಳನ್ನು ಬಿಡಬೇಕು ಎನಿಸಿದರೆ ಅವನ ಜಾಗಕ್ಕೆ ಸ್ಲ್ಯಾಷರ್‌ನನ್ನು ತರಬಹುದು, ಪರಂಪರೆಯಲ್ಲೇ ಅದಕ್ಕೆ ಅವಕಾಶವಿದೆ. ಸಾಲುಗಳನ್ನು ಕನ್ನಡಕ್ಕೆ ತರುವಾಗ ಅರ್ಥಕ್ಕಿಂತ ಪ್ರಾಸಕ್ಕೆ ಗಮನ ಕೊಡಬೇಕು, ಆಟ ನಡೆಯುವುದು ಪ್ರಾಸದ ಬಲದ ಮೇಲೆ. ತಂಡದಲ್ಲಿ ಒಬ್ಬರೇ ಒಳ್ಳೆಯ ನಟರಿದ್ದರೆ ಅವರಿಗೆ ವೈದ್ಯನ ಪಾತ್ರ ಕೊಡಿ, ಸೇಂಟ್ ಜಾರ್ಜನನ್ನು ಯಾರು ಮಾಡಿದರೂ ಆಗುತ್ತದೆ.